ಸೋಡಿಯಂ ಬೆಳಕು ಆರುವ ಹೊತ್ತು

ತರೀಕೆರೆ ಸ್ಟೇಷನ್ನಿನಲ್ಲಿ ಸಂಜೆ ರೈಲಿಳಿದರೆ ನನ್ನ ಗಂಡ ಸ್ಕೂಟರ್ ಮೇಲೆ ಕೂತೇ ಕೇಳೋರು, "ಏನೇ, ಇವತ್ತಾದ್ರೂ ಸರಿ ಬಂತಾ?" ಕೊಬ್ಬರಿ ವ್ಯಾಪಾರದವರು, ಫಿಸಿಕ್ಸ್ ಗಂಧಗಾಳಿ ಇಲ್ಲ. "ಇಲ್ಲಾರೀ" ಅಂದರೆ, "ಬಿಡೇ, ನಾಳೆ ಬತ್ತದೆ" ಅಂತ ಕಿಕ್ ಹೊಡೆಯೋರು. ಹೋದ ವರ್ಷ ಅವರು ತೀರಿಕೊಂಡರು. ಈಗ ಆಟೋದಲ್ಲಿ ಮನೆಗೆ ಹೋಗ್ತೀನಿ. ಸರಿ ಬಂತಾ ಅಂತ ಆಟೋದವನು ಯಾಕೆ ಕೇಳ್ತಾನೆ?

ನನ್ನ ಕೆಲಸ ಇಷ್ಟೇ. ಯೂನಿವರ್ಸಿಟಿ ಲ್ಯಾಬಿನಲ್ಲಿ ಹಗಲಲ್ಲೇ ಕಪ್ಪು ಪರದೆ ಎಳೆದು, ಗಾಜಿನ ಕೊಳವೆಯೊಳಗೆ ಕಾಯಿಸಿದ ಸೋಡಿಯಂ ಆವಿಗೆ ಲೇಸರ್ ಹೊಡೆಯೋದು. ಪರಮಾಣು ಆ ಬೆಳಕು ನುಂಗಿ, ಒಂದಿಷ್ಟು ಹೊತ್ತು ಇಟ್ಟುಕೊಂಡು, ಹಳದಿಯಾಗಿ ವಾಪಸ್ ಬಿಡುತ್ತದೆ. ಎಷ್ಟು ಹೊತ್ತು ಇಟ್ಟುಕೊಂಡಿತು ಅನ್ನೋದೇ ನನ್ನ ಥೀಸಿಸ್ಸು. ರೆಪ್ಪೆ ಬಡಿಯೋದು ಅದರ ಮುಂದೆ ಒಂದು ಯುಗ. ನನಗೆ ಮಾತ್ರ ಪುಸ್ತಕದಲ್ಲಿರೋದಕ್ಕಿಂತ ಯಾವಾಗಲೂ ಜಾಸ್ತಿಯೇ ಬರುತ್ತಿತ್ತು.

ಕೊನೆಗೆ ಗೈಡ್ ಮೇಡಂ ಹೀಟರ್ ನೋಡಿ ಹಣೆ ಚಚ್ಚಿಕೊಂಡರು. "ಎಷ್ಟು ಕಾಯಿಸ್ತೀಯೇ ಮಾರಾಯ್ತಿ!" ಏನು ಮಾಡಲಿ, ನಾನು ಯಗಟಿ ಹಳ್ಳಿಯವಳು. ಮುದ್ದೆ ಬೇಯಲಿಲ್ಲ ಅಂದರೆ ಒಲೆಗೆ ಇನ್ನೊಂದು ಸೌದೆ ತಳ್ಳೋದೇ ನಮಗೆ ಗೊತ್ತಿರೋ ಉಪಾಯ. ಬೆಳಕು ಮಂಕಾದಾಗಲೆಲ್ಲ ಬಿಸಿ ಏರಿಸಿದ್ದೆ. ಕಾದಷ್ಟೂ ಆವಿ ದಟ್ಟವಾಗುತ್ತದೆ. ಒಂದು ಪರಮಾಣು ಬಿಟ್ಟ ಬೆಳಕನ್ನು ಪಕ್ಕದ್ದು ಹಿಡಿಯುತ್ತದೆ, ಅದು ಬಿಟ್ಟದ್ದನ್ನು ಇನ್ನೊಂದು. ಹೀಗೆ ಕೈಯಿಂದ ಕೈಗೆ ದಾಟಿ ಬೆಳಕು ಹೊರಗೆ ಬರೋದು ತಡವಾಗುತ್ತದೆ, ಅದಕ್ಕೇ ನನಗೆ ಜಾಸ್ತಿ ಬರುತ್ತಿತ್ತು.

"ಬಿಸಿ ಇಳಿಸು. ಮಂಕಾದ್ರೆ ಆಗ್ಲಿ. ಒಂಟಿ ಪರಮಾಣು ಎಷ್ಟು ಹೊತ್ತು ಇರುತ್ತೆ ಅನ್ನೋದು ನಮಗೆ ಬೇಕು" ಅಂದರು ಮೇಡಂ.

ಒಂಟಿಯಾಗಿ ಎಷ್ಟು ಹೊತ್ತು ಇರಬಹುದು ಅಂತ ನನ್ನನ್ನು ಕೇಳಬೇಕಿತ್ತು! ಬಿಸಿ ಇಳಿಸಿದೆ. ಆ ಮಂಕು ಬೆಳಕಿನ ಮುಂದೆ ದಿನಗಟ್ಟಲೆ ಕೂತೆ. ಬಂತು. ಪುಸ್ತಕದಲ್ಲಿದ್ದಷ್ಟೇ ಬಂತು.

ಅವತ್ತು ಸಂಜೆ ರೈಲಿಳಿದವಳು ಸ್ಕೂಟರ್ ನಿಲ್ಲುತ್ತಿದ್ದ ಜಾಗದ ಕಡೆಗೇ ನಡೆದುಬಿಟ್ಟೆ. ಅಲ್ಲಿ ಯಾರದೋ ಬೈಕಿತ್ತು. ಸುಡುಗಾಡು, ಇಷ್ಟು ವರ್ಷ ಕಾದ ಸುದ್ದಿ, ಹೇಳೋಕೆ ಒಂದು ನರಪಿಳ್ಳೆ ಇಲ್ಲ. ತಡೆಯಲಾರದೆ ಯಗಟಿಗೆ, ಅಕ್ಕನಿಗೆ ಫೋನ್ ಹಚ್ಚಿದೆ. ಅವಳು ಕುರಿಗಳನ್ನು ದೊಡ್ಡಿಗೆ ಕೂಡುತ್ತಿದ್ದಳು, ಫೋನಿನ ತುಂಬ ಬರೀ ಬ್ಯಾ ಬ್ಯಾ.

"ಅಕ್ಕಾ, ನನ್ನ ಲೆಕ್ಕ ಬಂತು ಕಣೇ!"

"ಹೌದಾ? ಮುಂಚೆಗಿಂತ ಜಾಸ್ತಿ ಬಂತಾ?"

"ಇಲ್ಲ, ಕಮ್ಮಿ."

"ಅಯ್ಯೋ! ಹೋಗ್ಲಿ ಬಿಡೇ, ನಾಳೆ ಬತ್ತದೆ."

ಆ ಬೈಕಿನ ಪಕ್ಕದಲ್ಲೇ ನಿಂತು ಗೊಳೋ ಅಂತ ಅತ್ತೆ. ಪಾಪ, ನಾನು ಸೋತಿದ್ದಕ್ಕೆ ಅಳ್ತಿದೀನಿ ಅಂದುಕೊಂಡು ಅಕ್ಕ ಇನ್ನಷ್ಟು ಸಮಾಧಾನ ಹೇಳಿದಳು. ಕಮ್ಮಿ ಬಂದದ್ದೇ ಸರಿ ಅಂತ ನಾನು ಹೇಳಲಿಲ್ಲ. ಅವಳು ಹೇಳೋಷ್ಟು ಹೊತ್ತೂ ಕೇಳಿಸಿಕೊಂಡೆ.