ಕವುಚಿ ಬರೆದ ಬುಟ್ಟಿ

ಬೀಜಾಡಿಯ ರಾಜೀವಿ ಮೀನಿನಲ್ಲಿ ಚೌಕಾಸಿಗೆ ಬಗ್ಗುವವಳಲ್ಲ. ಸಿಟ್ಟಿನಲ್ಲಂತೂ ರಿಯಾಯಿತಿಯೇ ಇಲ್ಲ. ಮೀನು ಮಾರುಕಟ್ಟೆಯ ಎದುರಿಗೇ ನನ್ನ ಬಣ್ಣ, ಹಗ್ಗ, ಬಲೆಯ ಅಂಗಡಿ ಇರುವುದರಿಂದ ಅವಳ ಸೇಡು ಹಣ್ಣಾದದ್ದನ್ನು ಗಲ್ಲಾದಲ್ಲಿ ಕೂತೇ ನೋಡಿದ್ದೇನೆ.

ಮಾರುಕಟ್ಟೆಯ ಬಾಗಿಲ ಬಲಗಡೆ, ಗಿರಾಕಿಯ ಕಣ್ಣು ಮೊದಲು ಬೀಳುವ ಜಾಗ ಅವಳದು. ಅದಕ್ಕೂ ಮೊದಲು ಅವಳನ್ನು ಹೆತ್ತ ಅಬ್ಬಿಯದು. ಇಲ್ಲಿಯ ಹೆಂಗಸರಲ್ಲಿ ಒಂದು ಕ್ರಮವಿದೆ. ಮನೆಯಲ್ಲಿ ಸಾವಾದರೆ ತಾನು ಕೂರುವ ಜಾಗದಲ್ಲಿ ಬುಟ್ಟಿಯನ್ನು ಕವುಚಿ ಇಟ್ಟು ಹೋಗಬೇಕು. ಸೂತಕ ಕಳೆಯುವ ತನಕ ಅಲ್ಲಿ ಬೇರೆಯವರು ಕೂರುವುದಿಲ್ಲ, ಕೂತರೂ ಅವರಿಂದ ಯಾರೂ ಮೀನು ಕೊಳ್ಳುವುದಿಲ್ಲ. ಕವುಚಿದ ಕೈಯೇ ಬಂದು ಬುಟ್ಟಿಯನ್ನು ನೆಟ್ಟಗೆ ಮಾಡಬೇಕು.

ಗಂಡ ಚಂದಯ್ಯ ತೀರಿಕೊಂಡಾಗ ರಾಜೀವಿ ಹಾಗೆಯೇ ಮಾಡಿದಳು. ತಿರುಗಿ ಬಂದಾಗ ಬುಟ್ಟಿ ಹಿಂದಿನ ಚರಂಡಿಯ ಬದಿಗೆ ಬಿದ್ದಿತ್ತು. ಅವಳ ಜಾಗದಲ್ಲಿ, ಮಾರುಕಟ್ಟೆ ಸಮಿತಿಯ ಅಧ್ಯಕ್ಷ ಭೋಜರಾಜನ ತಮ್ಮನ ಹೆಂಡತಿ ವನಜ ಕೂತಿದ್ದಳು. ಕವುಚಿದ ಬುಟ್ಟಿಯನ್ನು ಸಮಿತಿಯವರು ತೆಗೆಸಿದ್ದು ಗಿರಾಕಿಗಳಿಗೆ ತಿಳಿದಿರಲಿಲ್ಲ. ತಿಳಿದ ಹೆಂಗಸರು ಅಧ್ಯಕ್ಷನಿಗೆ ಹೆದರಿ ಸುಮ್ಮನಿದ್ದರು.

ಪುಣೆಯಲ್ಲಿ ಹೋಟೆಲು ನಡೆಸಿ ಬಂದ ಭೋಜರಾಜ ಯಾವಾಗಲೂ ಬಿಳಿ ಅಂಗಿಯವನು. “ಬುಟ್ಟಿ ಎಲ್ಲಿಟ್ರೂ ಬುಟ್ಟಿಯೇ ಅಲ್ದಾ ರಾಜೀವಿ? ಹಿಂದ್ ಜಾಗ ಇತ್ತಲ್ಲ, ಅಲ್ಲೇ ಕೂತ್ಕೊ” ಎಂದ.

ಅವಳು ಹಿಂದೆ ಕೂರಲಿಲ್ಲ. ರಸ್ತೆ ಬದಿಯ ಬಿಸಿಲಲ್ಲಿ, ಅವನ ಕುರ್ಚಿ ಕಾಣುವ ಹಾಗೆ ಕೂತಳು. ನಾನೊಮ್ಮೆ, “ಬಿಟ್ಟ್ಬಿಡ್ ಮಾರಾಯ್ತಿ” ಎಂದೆ.

“ನಿಮ್ಮ ಗಲ್ಲಾದಗೆ ನಾನ್ ಬಂದ್ ಕೂತ್ಕಂತೆ. ಆಗ ನೀವ್ ಬಿಟ್ಟ್ಬಿಡಿ ಕಾಂಬ” ಎಂದಳು. ಆಮೇಲೆ ನಾನು ಉಪದೇಶದ ವ್ಯಾಪಾರ ನಿಲ್ಲಿಸಿದೆ.

ಹೀಗಿರುವಾಗ ಜಪಾನಿನ ಚಿತ್ರಕಲಾವಿದೆ ಚಿನಾತ್ಸು ಬಂದಳು. ಸಮುದ್ರ ನುಗ್ಗಿ ಹಾಳಾದ ತನ್ನ ಸೀಮೆಯ ಮೀನುಪೇಟೆಗಳಲ್ಲಿ, ಬದುಕಿ ಉಳಿದವರನ್ನು ಕೂರಿಸಿ “ಇಲ್ಲಿ ಯಾರ ಜಾಗ ಇತ್ತು?” ಎಂದು ಕೇಳಿ, ಅವರ ಕೈಯಿಂದಲೇ ಗೋಡೆಗೆ ಬಣ್ಣ ಹಚ್ಚಿಸಿದವಳಂತೆ. ಅವಳ ಕ್ರಮದಲ್ಲಿ ಏನು ಬರೆಯಬೇಕೆಂದು ಹೇಳುವವರು ಆ ಜಾಗದವರೇ. ಮುಖ ಬರೆಯುವಂತಿಲ್ಲ, ದಿನಾ ಕೈಯಲ್ಲಿ ಹಿಡಿಯುವ ಸಾಮಾನು ಬರೆಯಬಹುದು. ಒಮ್ಮೆ ಬರೆದದ್ದನ್ನು ಅಳಿಸಬೇಕಾದರೆ ಜಾಗದವರೂ ಬಣ್ಣ ಹಚ್ಚಿದವರೂ ಕೂಡಿಯೇ ಅಳಿಸಬೇಕು.

ಪತ್ರಿಕೆಯವರು ಬರುತ್ತಾರೆಂದು ಕೇಳಿದ್ದೇ ಭೋಜರಾಜ ಮಾರುಕಟ್ಟೆಯ ಇಡೀ ಗೋಡೆಯನ್ನು ಬಿಟ್ಟುಕೊಟ್ಟ. ಮುಖ ಇಲ್ಲ ಎಂದು ತಿಳಿದಾಗ ಅವನ ಮುಖ ನೋಡಬೇಕಿತ್ತು.

ಚಿನಾತ್ಸು ಹೆಂಗಸರ ನಡುವೆ ಕೂತು ಬಂಗುಡೆ ಕತ್ತರಿಸುವುದು ಕಲಿತಳು. ಅವಳ ಇಂಗ್ಲಿಷನ್ನು ನನ್ನ ಮಗಳು ಅನಿಷಾ ಕನ್ನಡ ಮಾಡುತ್ತಿದ್ದಳು. ಒಬ್ಬೊಬ್ಬರ ಜಾಗದ ಮೇಲೂ ಇದ್ದಿಲಿನಲ್ಲಿ ಒಂದೊಂದು ಗುರುತು ಬಂತು, ಒಬ್ಬಳದು ಕತ್ತಿ, ಇನ್ನೊಬ್ಬಳದು ಹರಿದ ಕೊಡೆ. ಚಿನಾತ್ಸು ಬಾಗಿಲ ಬಲಗಡೆಗೆ ಬಂದು ಇದು ಯಾರ ಜಾಗ ಎಂದಾಗ ವನಜ ತಲೆ ತಗ್ಗಿಸಿದಳು. ಅಧ್ಯಕ್ಷನ ಎದುರು ಆಡದ ಮಾತನ್ನು ಹೆಂಗಸರು ಪರದೇಶದವಳ ಎದುರು ಆಡಿದರು: “ರಾಜೀವಕ್ಕಂದ್.”

ರಸ್ತೆಯಿಂದ ರಾಜೀವಿಯನ್ನು ಕರೆದರು. ಅವಳು ಇದ್ದಿಲು ಹಿಡಿದು ಒಂದು ಗೆರೆ ಎಳೆದಳು, ಅದರ ಮೇಲೆ ದೊಡ್ಡದೊಂದು ಅರ್ಧ ವೃತ್ತ. ಕವುಚಿದ ಬುಟ್ಟಿ ಎಂದು ಎಲ್ಲ ಹೆಂಗಸರಿಗೂ ಗೊತ್ತಾಯಿತು, ಅಧ್ಯಕ್ಷನ ಕಿವಿಗೆ ಯಾರೂ ಹಾಕಲಿಲ್ಲ. ಬುಟ್ಟಿ ಕವುಚಿದರೆ ಏನೆಂದು ಅನಿಷಾ ವಿವರಿಸಿದಳು. ಚಿನಾತ್ಸು ಬೇಡ ಎನ್ನಲಿಲ್ಲ.

ಉದ್ಘಾಟನೆಯ ದಿನ ಮೊದಲ ಬಣ್ಣ ತನ್ನದೇ ಆಗಬೇಕೆಂದು ಭೋಜರಾಜನ ಹಟ. ಗೋಡೆಯ ತುಂಬ ಕಣ್ಣಾಡಿಸಿ ಎಲ್ಲಕ್ಕಿಂತ ದೊಡ್ಡದನ್ನೇ ಆರಿಸಿದ. “ಇದ್ ಜಪಾನಿನ ಕಡಲಗೆ ಹುಟ್ಟೂ ಸೂರ್ಯ ಅಲ್ದಾ? ಅಲ್ಲಿಂದ ಅಮ್ಮ ಬಂದದ್ದಕ್ಕೆ ಸಮಾ ಆಯ್ತ್. ಇದನ್ನ್ ನಾನೇ ಬರಿತೆ.”

ಅನಿಷಾ ಬಾಯಿ ತೆರೆದಳು. ನಾನು ಕೆಮ್ಮಿದೆ. ಗಿರಾಕಿ ಬಣ್ಣ ಆರಿಸುವಾಗ ಅಂಗಡಿಯವನು ಅಡ್ಡ ಬರಬಾರದು.

ಬಣ್ಣ ಕಲಸಿಕೊಟ್ಟವಳು ರಾಜೀವಿ. ಹಳದಿಗೆ ಕಂದು ಬೆರೆಸಿದ ಬೆತ್ತದ ಬಣ್ಣ. ದೋಣಿಗೆ ಹಚ್ಚುವ ಬಣ್ಣವದು, ಕಡಲ ಉಪ್ಪಿಗೇ ಬಗ್ಗುವುದಿಲ್ಲ. “ಸೂರ್ಯ ಸ್ವಲ್ಪ ಮಂಕಾಯ್ತಾ ಹೇಂಗೆ?” ಎಂದ ಭೋಜರಾಜ. “ನಿಮ್ಮ ಕೈ ತಾಗ್ರೆ ಬೆಳ್ಗತ್ತ್” ಎಂದಳು. ಅವನು ಒಂದು ಚೂರೂ ಬಿಡದೆ ತುಂಬಿದ. ಅವನ ಕುಂಚ ಗೋಡೆಯ ಮೇಲಿರುವ ಫೋಟೊ ಮರುದಿನ ಪತ್ರಿಕೆಯಲ್ಲಿ ಬಂತು. ಅದೇ ದಿನ ರಾಜೀವಿ ಆ ಸೂರ್ಯನ ಮೇಲೆ ಬೆತ್ತದ ಹೆಣಿಗೆಯನ್ನು ಗೆರೆ ಗೆರೆಯಾಗಿ ಎಳೆದಳು.

ಈಗ ಬುಟ್ಟಿ ಎಂದು ಮಕ್ಕಳಿಗೂ ತಿಳಿಯಿತು. ಅದರ ಕೆಳಗೆ ಕೂತ ವನಜಳ ಅಂಜಲ್ ಮೀನಿನ ಬೆಲೆ ಕೇಳುವವರೂ ಇಲ್ಲವಾದರು. ಅವಳು ಭಾವನಿಗೆ ಹೇಳಿ ಹೇಳಿ ಸಾಕಾಗಿ, ತಾನೇ ಎದ್ದು ಒಳಗಡೆ ಹೋಗಿ ಕೂತಳು. ಊರೊಳಗೆ ಬೇರೆಯದೇ ಮಾತು ಹಬ್ಬಿತು: ಗೋಡೆಯ ಬುಟ್ಟಿ ಕವುಚಿದ್ದು ಭೋಜರಾಜನ ಕೈ, ಹಾಗಾದರೆ ಸೂತಕ ಯಾರ ಮನೆಯದು?

ಅವನು ಬಿಳಿ ಬಣ್ಣ ಕೇಳಿಕೊಂಡು ನನ್ನ ಅಂಗಡಿಗೆ ಬಂದ. ಡಬ್ಬಿ ಕೊಟ್ಟೆ. ಆದರೆ ಹಚ್ಚಲು ದೋಣಿಗೆ ಬಣ್ಣ ಬಳಿಯುವ ದುಗ್ಗಪ್ಪ ಒಪ್ಪಲಿಲ್ಲ. “ಸೂತಕದ ಬುಟ್ಟಿ. ನಾ ಮುಟ್ಟುದಿಲ್ಲ. ನೀವೇ ಕವುಚಿದ್ದಲ್ದಾ” ಎಂದ. ಚಿನಾತ್ಸುವನ್ನು ಕೇಳಿದರೆ ಅವಳು ರಸ್ತೆ ಬದಿಯ ರಾಜೀವಿಯ ಕಡೆಗೆ ಕೈ ತೋರಿಸಿದಳು.

ಕೊನೆಗೆ ಭೋಜರಾಜ ರಾಜೀವಿಯ ಎದುರು ಬಂದು ನಿಂತ. “ನಿನ್ ಜಾಗ ನೀನೇ ತಕೊ. ಅದ್ ಒಂದ್ ಅಳ್ಸುವ, ಬಾ.”

“ಬತ್ತೆ. ಮೊದ್ಲ್ ಬುಟ್ಟಿ ನೆಟ್ಟಗೆ ಆಯ್ಕಲ್ದಾ? ಕವುಚಿದ ಕೈಯೇ ಎತ್ಕ್. ಹಿಡ್ಕಣಿ.”

ಮೀನು ತುಂಬಿದ ಬುಟ್ಟಿಯನ್ನು ಅವನ ತೋಳಿಗೆ ಕೊಟ್ಟಳು. ರಸ್ತೆ ದಾಟುವಷ್ಟರಲ್ಲಿ ಐಸಿನ ನೀರು ಬಿಳಿ ಅಂಗಿಯಿಂದ ಪಂಚೆಗಿಳಿಯಿತು. ಹೆಂಗಸರು ಕತ್ತಿ ನಿಲ್ಲಿಸಿ ದಾರಿ ಬಿಟ್ಟರು. ಎಲ್ಲರೂ ನೋಡುತ್ತಿರುವಾಗ ಅವನು ಬುಟ್ಟಿಯನ್ನು ಬಾಗಿಲ ಬಲಗಡೆ ನೆಟ್ಟಗೆ ಇಟ್ಟ. ರಾಜೀವಿ ಅದರ ಹಿಂದೆ ಕೂತಳು. ಕವುಚಿದ ಕೈಯೇ ಎತ್ತಿದ್ದರಿಂದ ಗಿರಾಕಿಗಳಿಗೂ ತಕರಾರಿರಲಿಲ್ಲ. ಮೊದಲ ಬಂಗುಡೆ ನಾನೇ ಕೊಂಡೆ.

ಭೋಜರಾಜ ಕುಂಚ ಚಾಚಿದ. “ಈಗ ಅಳ್ಸುವನಾ?”

ರಾಜೀವಿ ತಲೆಯೆತ್ತಿ ಗೋಡೆ ನೋಡಿದಳು, ಆಮೇಲೆ ಅವನ ಅಂಗಿ ನೋಡಿದಳು.

“ಇರ್ಲಿ ಬಿಡಿ, ಚಂದ ಬರ್ದಿದ್ರಿ. ಬುಟ್ಟಿ ಎಲ್ಲಿದ್ರೂ ಬುಟ್ಟಿಯೇ ಅಲ್ದಾ?”