ತಾಯಿಯ ಕಡೆಯಿಂದ ಬಂದದ್ದು

ಸುಶೀಲಾಬಾಯಿ ನಾಗಪುರದ ಲಕ್ಷ್ಮೀ ನಗರದ ಮರಾಠಿ ಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಗಣಿತ ಕಲಿಸಿದವರು. ಊರು ಗದಗಿನ ಕಡೆ. ಗಂಡ ಈರಪ್ಪ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಆಪರೇಟರ್ ಆಗಿದ್ದರು.

2021ರ ಏಪ್ರಿಲ್‌ನಲ್ಲಿ ಮನೆಯಲ್ಲಿ ಮೊದಲು ಕೊರೊನಾ ಜ್ವರ ಬಂದದ್ದು ಈರಪ್ಪನವರಿಗೆ. ಮೂರು ದಿನಕ್ಕೆ ಇಳಿಯಿತು. ಸುಶೀಲಾಬಾಯಿಗೆ ಗಂಟಲು ಕೆರೆದಿದ್ದಷ್ಟೇ. ಆದರೆ ಇಪ್ಪತ್ತೊಂಬತ್ತರ ಹಿರಿಮಗ ಕೇದಾರನಾಥ ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನಿಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ಸಂಕೇತ್ ಅದೇ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ವೆಂಟಿಲೇಟರ್ ಮೇಲಿದ್ದು ಬದುಕಿ ಬಂದ. ಅಣ್ಣ ಹೋದದ್ದು ಅವನಿಗೆ ತಿಳಿದದ್ದು ಮನೆಗೆ ಬಂದ ಮೇಲೆ.

ಡ್ಯೂಟಿಯಿಂದ ಜ್ವರ ಹೊತ್ತು ತಂದವನು ತಾನೇ ಎಂಬುದು ಈರಪ್ಪನವರ ತಲೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಅವರು ಎಲ್ಲರ ಜೊತೆ ಕೂತು ಉಣ್ಣಲಿಲ್ಲ. ತಾಟು ಹಿಡಿದುಕೊಂಡು ಬಾಲ್ಕನಿಗೆ ಹೋಗುತ್ತಿದ್ದರು. ಕರೆದರೆ, "ಇಲ್ಲೇ ಗಾಳಿ ಚಲೋ ಐತಿ" ಎನ್ನುತ್ತಿದ್ದರು.

ಮರುವರ್ಷ ಸಂಕೇತನ ಶ್ವಾಸಕೋಶದ ತಪಾಸಣೆಗೆ ಹೋದಾಗ ಡಾಕ್ಟರ್ ಯಶಸ್ವಿನಿ ಫೈಲನ್ನು ಮತ್ತೆ ಮೊದಲಿನಿಂದ ತಿರುವಿದರು. ಒಂದೇ ಮನೆಯ ಇಬ್ಬರು ಗಟ್ಟಿಮುಟ್ಟಾದ ಹುಡುಗರು, ಸಕ್ಕರೆ ಕಾಯಿಲೆಯಿಲ್ಲ, ಬೊಜ್ಜಿಲ್ಲ; ತಂದೆ ತಾಯಿಗೆ ಮಾತ್ರ ಹೆಚ್ಚೇನೂ ಆಗಿಲ್ಲ. ಇದು ಬರೀ ದುರದೃಷ್ಟ ಎಂದು ಅವರಿಗೆ ಅನ್ನಿಸಲಿಲ್ಲ. ತಾಯಿ ಮಗನ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರಲು ಮೂರು ತಿಂಗಳು ಹಿಡಿಯಿತು.

ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು: "ಈ ವೈರಸ್ ಒಳಗೆ ಬಂದ ಕೂಡಲೇ ಗುರುತು ಹಿಡಿದು ಮೈಯನ್ನು ಎಚ್ಚರಿಸುವ ಒಂದು ಜೀನ್ ಇದೆ. ಸಂಕೇತನಲ್ಲಿ ಅದು ಕೆಲಸ ಮಾಡುತ್ತಿಲ್ಲ. ಅದು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಂಗಸರಿಗೆ ಎಕ್ಸ್ ಎರಡಿರುತ್ತವೆ, ಒಂದು ಕೆಟ್ಟರೂ ಸಾಮಾನ್ಯವಾಗಿ ಇನ್ನೊಂದು ನಿಭಾಯಿಸುತ್ತದೆ. ಗಂಡಸರಿಗೆ ಒಂದೇ."

ಗಣಿತ ಕಲಿಸಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ಆ ಒಂದು ಬರುವುದು ತಾಯಿಯಿಂದ" ಎಂದರು ಸುಶೀಲಾಬಾಯಿ.

"ಹೌದು. ನಿಮ್ಮ ರಕ್ತದಲ್ಲೂ ಕಂಡಿದೆ. ಕೇದಾರನಾಥನದನ್ನು ಈಗ ನೋಡಲಾಗುವುದಿಲ್ಲ, ಅವನಿಗೂ ಅದೇ ಇದ್ದಿರಬಹುದು. ಆದರೆ ಇದಿದ್ದವರೆಲ್ಲ ಸಾಯುವುದಿಲ್ಲ. ಇವನು ಇಲ್ಲೇ ಕೂತಿದ್ದಾನಲ್ಲ. ಲಸಿಕೆ ತಪ್ಪಿಸಬೇಡಿ, ಜ್ವರ ಬಂದ ಮೊದಲ ದಿನವೇ ಬನ್ನಿ. ನಿಮ್ಮ ಅಕ್ಕತಂಗಿಯರಿಗೂ ಹೇಳಿ."

ಮನೆಗೆ ಬಂದವರೇ ಸುಶೀಲಾಬಾಯಿ ಬಾಲ್ಕನಿಗೆ ಹೋಗಿ ಗಂಡನ ಎದುರು ನಿಂತರು.

"ನೀವು ಅಲ್ಲರಿ. ನನ್ನಿಂದ ಆಗೇತಿ. ರಿಪೋರ್ಟ್‌ನಾಗ ಬರದಾರ."

ಈರಪ್ಪ ಎಲ್ಲವನ್ನೂ ಕೇಳಿದರು. ಆಮೇಲೆ ಹೇಳಿದರು: "ನಾ ಜ್ವರ ತಂದೆ. ನೀ ಇದನ್ನ ಕೊಟ್ಟಿ. ಇಬ್ಬರಿಗೂ ಗೊತ್ತಿರಲಿಲ್ಲ. ಬೇಕಂತ ಯಾರು ಮಾಡ್ಯಾರ?" ಎದ್ದು ನಿಂತು, "ನಡಿ, ಉಣ್ಣೂಣು" ಎಂದರು. ಆ ದಿನ ಅವರು ತಮ್ಮ ತಾಟನ್ನು ಒಳಗೇ ಹಾಕಿಸಿಕೊಂಡರು.

ಸುಶೀಲಾಬಾಯಿಯ ತಂಗಿ ಚಾರುಲತಾ ಇರುವುದು ಮನೀಶ್ ನಗರದಲ್ಲಿ. ಮಗ ಶಾಮನಿಗೆ ಇಪ್ಪತ್ನಾಲ್ಕು. ಮಗಳು ಅಮಿತಾಗೆ ವರ ನೋಡುತ್ತಿದ್ದರು. ಅಕ್ಕ ಬಂದು ವರದಿಯ ವಿಷಯ ಹೇಳಿ ಮುಗಿಸುವ ಮೊದಲೇ ಚಾರುಲತಾ ಎದ್ದು ಬಾಗಿಲು ಮುಂದಕ್ಕೆ ಮಾಡಿದಳು.

"ಅಕ್ಕಾ, ಇದನ್ನ ಇಲ್ಲಿಗೇ ಬಿಡು. ನಮ್ಮ ಮಂದಿಗೆ ಗೊತ್ತಾದ್ರ ಅಮಿತಾನ್ನ ಕೇಳಾಕ ಯಾರು ಬರ್ತಾರ?"

"ಒಬ್ರು ಬರಲಿಲ್ಲಂದ್ರ ಇನ್ನೊಬ್ರು ಬರ್ತಾರ. ಮಗ ಹೋದ್ರ ಇನ್ನೊಬ್ಬ ಬರೂದಿಲ್ಲ, ಚಾರು. ನಾ ನೋಡೇನಿ."

ಆ ಮಾತು ಖಾರವಾಯಿತೆಂದು ಅವರಿಗೆ ಆಟೊದಲ್ಲಿ ಕೂತ ಮೇಲೆ ಅನ್ನಿಸಿತು. ತಂಗಿ ಅಂದಿನಿಂದ ಫೋನ್ ಎತ್ತಲಿಲ್ಲ. ದೀಪಾವಳಿಗೂ ಬರಲಿಲ್ಲ.

ದೊಡ್ಡಮ್ಮನಿಗೆ ಫೋನ್ ಮಾಡಿದವನು ಶಾಮ. ಬಾಗಿಲ ಆಚೆ ನಿಂತು ಅವನು ಎಲ್ಲ ಕೇಳಿಸಿಕೊಂಡಿದ್ದ. "ಮಾವಶಿ, ಆ ಡಾಕ್ಟರ್ ನಂಬರ್ ಕೊಡು. ಅವ್ವಗ ಈಗ ಹೇಳಬ್ಯಾಡ."

ಪರೀಕ್ಷೆಯಲ್ಲಿ ಅವನಿಗೂ ಅದೇ ದೋಷ ಕಂಡಿತು. ತಾಯಿಗೆ ಅವನೇ ಹೇಳಿದ, ಲಸಿಕೆಯ ಇನ್ನೊಂದು ಡೋಸನ್ನೂ ಹಾಕಿಸಿಕೊಂಡ. 2024ರ ಜನವರಿಯಲ್ಲಿ ಒಂದು ಮಧ್ಯಾಹ್ನ ಆಫೀಸಿನಲ್ಲಿ ಮೈ ಬಿಸಿಯಾದಾಗ ಮನೆಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಹೋದ. ಕೊರೊನಾ ಎಂದು ಗೊತ್ತಾದ ಸಂಜೆಯೇ ವೈರಸ್ ತಡೆಯುವ ಔಷಧ ಶುರುವಾಯಿತು. ಎರಡು ದಿನ ಆಮ್ಲಜನಕ ಕೊಟ್ಟರು. ಸುಶೀಲಾಬಾಯಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಚಾರುಲತಾ. ಎರಡನೆಯ ದಿನ ತಂಗಿ ಸರಿದು ಪಕ್ಕಕ್ಕೆ ಬಂದು ಅಕ್ಕನ ಕೈ ಹಿಡಿದಳು. ಆರನೆಯ ದಿನ ಶಾಮ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದ.

ಮುಂದಿನ ವಾರ ಚಾರುಲತಾ ಲಕ್ಷ್ಮೀ ನಗರಕ್ಕೆ, ಅಕ್ಕನ ಮನೆಗೆ ಬಂದಳು.

"ಅಮಿತಾನ ರಕ್ತಾನೂ ಕೊಟ್ಟು ಬಂದ್ವಿ. ಮುಂದ ಆಕಿಗೂ ಮಕ್ಕಳಾಗ್ತಾವಲ್ಲ. ಗೊತ್ತಿದ್ರ ಚಲೋ. ಅಕ್ಕಾ, ಗದಗಿನಾಗ ನಮ್ಮವ್ವನ ಅಕ್ಕನ ಮಗಳಿಗೂ ಇಬ್ಬರು ಗಂಡು ಹುಡುಗರದಾರ. ಆಕಿಗೆ ಯಾರು ಹೇಳೂದು?"

ಸುಶೀಲಾಬಾಯಿ ಕನ್ನಡಕ ಹಾಕಿಕೊಂಡು ನಂಬರ್ ಒತ್ತಿದರು. ಗದಗಿನಿಂದ ದನಿ ಬಂದಾಗ ಶಾಲೆಯಲ್ಲಿ ಹೊಸ ಪಾಠ ಶುರು ಮಾಡುವಾಗಿನ ಧಾಟಿಯಲ್ಲಿ ಹೇಳಿದರು:

"ಗಡಿಬಿಡಿ ಇಲ್ಲೇನವ್ವಾ? ಹಂಗಾರ ಹಾಳಿ, ಪೆನ್ನು ತಗೊಂಡು ಕೂಡು. ನಿಧಾನ ಹೇಳ್ತೀನಿ."