ಹೆಗಲ ಮೇಲೆ ಕೂತಿದ್ದ ಮಗು ಯಾರದು?

ನನ್ನ ಹೆಗಲ ಮೇಲೆ ಒಮ್ಮೆ ಒಂದು ಮಗು ಕೂತಿತ್ತು. ಇಷ್ಟನ್ನು ನಾನು ಯಾವ ಕಟಕಟೆಯಲ್ಲಿ ಬೇಕಾದರೂ ನಿಂತು ಹೇಳಬಲ್ಲೆ. ಅದು ನನ್ನದೇ ಮಗು ಎಂಬುದನ್ನು ಕೂಡ ಹೋದ ತಿಂಗಳವರೆಗೆ ಅಷ್ಟೇ ಧೈರ್ಯವಾಗಿ ಹೇಳುತ್ತಿದ್ದೆ. ಈಗ ಆ ಮಾತು ಬಂದರೆ ಕೆಮ್ಮು ಬರುತ್ತದೆ.

ವಿಷಯ ಹೀಗೆ. ಹದಿಮೂರು ವರ್ಷದ ಹಿಂದೆ, ಬೇಸಿಗೆಯ ಒಂದು ಶನಿವಾರ, ನಾವು ಕೆಲವರು ಬೆಟ್ಟಗಳ ನಡುವಿನ ಒಂದು ಕೊಳ್ಳದಲ್ಲಿ ನಡೆದಾಡಲು ಹೋಗಿದ್ದೆವು. ಅಮೆರಿಕದ ರೆಂಟನ್ನಿನ ನಮ್ಮ ಮನೆಯಿಂದ ಪೂರ್ವಕ್ಕೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಎರಡೂ ಕಡೆ ಕಡಿದಾದ ಬಂಡೆಗೋಡೆ, ನಡುವೆ ಹೊಳೆ, ಹೊಳೆಯ ಪಕ್ಕದಲ್ಲಿ ಕಾಲುದಾರಿ. ಮಗಳು ಮೇಘನಾಗೆ ಆಗ ಮೂರು ವರ್ಷ. ಅವಳು ನನ್ನ ಹೆಗಲೇರಿ, ಎರಡೂ ಕಿವಿ ಹಿಡಿದು, ಕಾರು ಓಡಿಸುವಂತೆ ನನ್ನನ್ನು ಓಡಿಸಿದಳು. ಬಲಗಿವಿ ಎಳೆದರೆ ಬಲಕ್ಕೆ, ಎಡಗಿವಿ ಎಳೆದರೆ ಎಡಕ್ಕೆ. ದಾರಿಯಲ್ಲಿ ಕಾಲು ಮಡಿಸಿ ಕೂತ ಬಸವನಂಥ ಒಂದು ದೊಡ್ಡ ಬಂಡೆ ಎದುರಾಯಿತು. ಅಲ್ಲಿ ಬಲಗಿವಿಯನ್ನು ಎಳೆದವಳು ಬಿಡಲೇ ಇಲ್ಲ. ಬಂಡೆಗೆ ಮೂರು ಸುತ್ತು ಪ್ರದಕ್ಷಿಣೆ ಹಾಕಿಸಿದಳು. ಐವತ್ತೆರಡು ವರ್ಷದ ಬದುಕಿನಲ್ಲಿ ಕಲಬೆರಕೆಯಿಲ್ಲದ ಸುಖದ ದಿನ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ಆದರೂ ಹೇಳುತ್ತೇನೆ.

ಹೋದ ತಿಂಗಳು ಮನೆಗೆ ಬಂದವರೊಬ್ಬರಿಗೆ ಇದನ್ನು ಹೇಳುತ್ತಾ ಎರಡನೇ ಸುತ್ತಿಗೆ ಬಂದಿದ್ದೆ. ನನ್ನ ಹೆಂಡತಿ ಶೈಲಜಾ ಕೋಡುಬಳೆಯ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ನಿಂತಳು.

"ರೀ, ಇಷ್ಟು ವರ್ಷ ಕೇಳಿಸ್ಕೊಂಡು ಸುಮ್ನಿದ್ದೆ. ಅವತ್ತು ಮೇಘನಾ ಬಂದೇ ಇರ್ಲಿಲ್ಲ. ಅವಳಿಗೆ ಕಿವಿನೋವು. ನಾವಿಬ್ರೂ ಮನೇಲಿದ್ವಿ. ನೀವು ಆಫೀಸ್‌ನವರ ಜೊತೆ ಹೋಗಿದ್ರಿ. ನೀವು ಹೊತ್ಕೊಂಡಿದ್ದು ಶ್ರೀನಿವಾಸ್ ಮಗಳನ್ನ."

"ನೀನು ಬಂದೇ ಇರ್ಲಿಲ್ಲ ಅಂದ್ಮೇಲೆ ನಾನು ಯಾರನ್ನ ಹೊತ್ಕೊಂಡಿದ್ದೆ ಅಂತ ನಿನಗೆ ಹೇಗೆ ಗೊತ್ತು?"

"ಬಂದ್ಮೇಲೆ ನೀವೇ ಹೇಳಿದ್ರಿ."

ಅತಿಥಿಗಳು ಕೋಡುಬಳೆ ತುಂಬ ಚೆನ್ನಾಗಿದೆ ಎಂದರು.

ನೋಡಿ, ನಾನು ಓದಿದ್ದು ಸಂಖ್ಯಾಶಾಸ್ತ್ರ. ಪುರಾವೆಯಿಲ್ಲದೆ ಮಳೆ ಬರುತ್ತಿದೆ ಎಂದರೂ ಕಿಟಕಿಯಿಂದ ಕೈ ಚಾಚಿ ನೋಡುವ ಜಾತಿ. ದೇವರು, ಜಾತಕ, ಬೆನ್ನುನೋವಿನ ಎಣ್ಣೆ, ಎಲ್ಲವನ್ನೂ ಸಂಶಯದಿಂದ ನೋಡಿದವನು ನನ್ನ ತಲೆಯೊಳಗಿನ ಸರಕನ್ನು ಮಾತ್ರ ಒಮ್ಮೆಯೂ ತಪಾಸಣೆ ಮಾಡಿರಲಿಲ್ಲ. ಸಾಕ್ಷ್ಯ ಹುಡುಕಲು ಹೊರಟೆ. ಮೊದಲು ಫೋಟೋ. ಆಫೀಸಿನಲ್ಲಿ ನನ್ನ ಕೆಲಸ ಕಂಡವರ ಮಾಹಿತಿಯನ್ನು ಮೂರು ಊರಿನಲ್ಲಿ ಮೂರು ಪ್ರತಿ ಮಾಡಿ ಕಾಪಾಡುವುದು. ನನ್ನ ಆ ವರ್ಷದ ಫೋಟೋಗಳಿದ್ದದ್ದು ಒಂದೇ ಹಾರ್ಡ್ ಡಿಸ್ಕಿನಲ್ಲಿ, ಅದು ಕೆಟ್ಟು ಆರು ವರ್ಷವಾಗಿದೆ. ಆಮೇಲೆ ಶ್ರೀನಿವಾಸ್. ಹೈದರಾಬಾದಿನವರು, ಆಗ ನನ್ನ ಪಕ್ಕದ ಮೇಜಿನಲ್ಲಿದ್ದವರು, ಈಗ ಟೆಕ್ಸಾಸಿನಲ್ಲಿದ್ದಾರೆ. ಫೋನ್ ಮಾಡಿ, ಬೇರೆ ಮಾತೆಲ್ಲ ಆಡಿ, ಮೆಲ್ಲಗೆ ಆ ಶನಿವಾರದ ಕೊಳ್ಳದ ಮಾತೆತ್ತಿದೆ. ಅವರಿಗೆ ಎಲ್ಲವೂ ಚೆನ್ನಾಗಿ ನೆನಪಿತ್ತು. ಹೊಳೆ, ಬಂಡೆ, ಯಾರು ಪುಳಿಯೋಗರೆ ತಂದಿದ್ದರು, ಯಾರು ಜಾರಿ ಬಿದ್ದರು. "ಬಟ್ ಗುರೂ, ನೀವು ಆ ದಿನ ಬಂದಿರ್ಲಿಲ್ಲ ಕದಾ?" ಎಂದರು.

ಮೂವರು ಸಾಕ್ಷಿಗಳು, ಮೂರು ಕತೆ. ನನ್ನ ಪ್ರಕಾರ ಮಗಳು ಬಂದಿದ್ದಳು. ಹೆಂಡತಿಯ ಪ್ರಕಾರ ನಾನೊಬ್ಬನೇ ಹೋಗಿದ್ದೆ. ಶ್ರೀನಿವಾಸರ ಪ್ರಕಾರ ನಾನೂ ಹೋಗಿರಲಿಲ್ಲ. ಇನ್ನೊಬ್ಬರನ್ನು ಕೇಳಿದ್ದರೆ ಕೊಳ್ಳವೇ ಇರಲಿಲ್ಲ ಎನ್ನುತ್ತಿದ್ದರೋ ಏನೋ. ಅದಕ್ಕೆ ಮೊದಲು ಹೋಗಿ ನೋಡಿಕೊಂಡು ಬರುವುದು ಒಳ್ಳೆಯದು ಎನಿಸಿತು. ಬಸವನ ಬಂಡೆ ಅಲ್ಲಿದ್ದರೆ ನನ್ನ ನೆನಪು ನಿಜ, ಇಲ್ಲದಿದ್ದರೆ ಆ ದಿನವನ್ನು ಗೌರವದಿಂದ ಶ್ರೀನಿವಾಸರ ಮಗಳಿಗೆ ಒಪ್ಪಿಸಿಬಿಡುವುದು. ಬೇಸಿಗೆಯವರೆಗೆ ಕಾಯಬಹುದಿತ್ತು. ಆದರೆ ಹಲ್ಲಿನ ಸಂದಿಯ ಸೊಪ್ಪು, ತಲೆಯೊಳಗಿನ ಸಂಶಯ, ಎರಡೂ ಬೇಸಿಗೆಯವರೆಗೆ ಕಾಯುವುದಿಲ್ಲ.

"ಸ್ನೋನಲ್ಲಿ, ಒಬ್ರೇನಾ? ಒಂದು ಬಂಡೆ ನೋಡೋಕಾ?" ಎಂದಳು ಶೈಲಜಾ.

ಹದಿನಾರರ ಮೇಘನಾ ಮಾತ್ರ ವ್ಯವಹಾರಸ್ಥೆಯಂತೆ ಹೇಳಿದಳು. "ಅಪ್ಪಾ, ದೇರ್ ಈಸ್ ನೋ ಸಿಗ್ನಲ್ ದೇರ್. ಇಫ್ ಯೂ ಆರ್ ನಾಟ್ ಬ್ಯಾಕ್ ಬೈ ಫೈವ್, ಐ ಆಮ್ ಕಾಲಿಂಗ್ ರೆಸ್ಕ್ಯೂ. ಓಕೆ?"

"ಐದಕ್ಕೆ ಬಂದುಬಿಡ್ತೀನಿ ಪುಟ್ಟಾ."

ಕೊಳ್ಳದ ಬಾಯಿಯಲ್ಲಿ ಕಾರು ನಿಲ್ಲಿಸಿ, ಜಾರದಂತೆ ಬೂಟಿಗೆ ಕಟ್ಟುವ ಮುಳ್ಳಿನ ಸರಪಳಿ ಬಿಗಿದು ಹೊರಟೆ. ನೂರು ಹೆಜ್ಜೆ ಹೋದ ಮೇಲೆ ಕಾರು ಲಾಕ್ ಮಾಡಿದೆನೇ ಎಂಬ ಅನುಮಾನ ಬಂತು. ಹಿಂದಿರುಗಿ ನೋಡಿದೆ, ಮಾಡಿತ್ತು. ಮತ್ತೆ ನೂರು ಹೆಜ್ಜೆ. ಪಾರ್ಕಿಂಗ್ ಪಾಸನ್ನು ಕನ್ನಡಿಗೆ ನೇತುಹಾಕಿದೆನೇ? ಹಾಕಿತ್ತು. ಆಗ ತಾನೇ ಮಾಡಿದ್ದನ್ನು ನಂಬದವನು ಹದಿಮೂರು ವರ್ಷದ ಹಿಂದಿನದನ್ನು ಪತ್ತೆ ಮಾಡಲು ಹೊರಟಿದ್ದೇನಲ್ಲ ಎಂದು ನಗು ಬಂತು. ನಕ್ಕ ಸದ್ದನ್ನು ಹಿಮ ನುಂಗಿಕೊಂಡಿತು.

ಹಿಮದ ಕೊಳ್ಳದ ಮೌನವನ್ನು ಮೌನ ಎಂದರೆ ಸಾಲದು. ಸೀಡರ್ ಮರದ ಕೊಂಬೆ ಹೊತ್ತು ಹೊತ್ತು ಸಾಕಾಗಿ ಒಮ್ಮೆ ತನ್ನ ಹೊರೆಯನ್ನು ಜಾರಿಸುತ್ತದೆ. ಧೊಪ್ ಎಂಬ ಒಂದು ಸದ್ದು. ಮತ್ತೆ ನೀವು ಅದನ್ನು ನಿಜವಾಗಿ ಕೇಳಿದಿರೋ ಇಲ್ಲವೋ ಎಂದು ನಿಮಗೇ ಅನುಮಾನ ಬರುವಷ್ಟು ಹೊತ್ತು ಏನೂ ಇಲ್ಲ. ಬೂದುಬಣ್ಣದ ಒಂದು ಹಕ್ಕಿ ನನ್ನನ್ನು ಮರದಿಂದ ಮರಕ್ಕೆ ಹಿಂಬಾಲಿಸಿತು. ಯಾವಾಗಲೋ ಯಾರೋ ಅದಕ್ಕೆ ಬ್ರೆಡ್ಡು ಹಾಕಿರಬೇಕು. ಅದರ ನೆನಪು ನನ್ನದಕ್ಕಿಂತ ಚೆನ್ನಾಗಿತ್ತು.

ಮೈಸೂರಿನಲ್ಲಿ ಓದುವಾಗ ನಾನು ನಮ್ಮ ವಿಭಾಗದ ಕ್ಲಾಸಿಗೆ ಚಕ್ಕರ್ ಹೊಡೆದು ತತ್ವಶಾಸ್ತ್ರದ ಮೇಷ್ಟ್ರೊಬ್ಬರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ನಮ್ಮ ಹಳೆಯ ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪಿಕೊಂಡು, ನೆನಪನ್ನು ಮಾತ್ರ ಬಾಗಿಲಾಚೆ ನಿಲ್ಲಿಸಿದರು ಎಂದು ಅವರು ಹೇಳಿದ್ದರು. ನೆನಪು ಹೊಸದೇನನ್ನೂ ತಿಳಿಸುವುದಿಲ್ಲ, ಹಿಂದೆ ಕಂಡದ್ದರ ನೆರಳು ಅಷ್ಟೇ ಎಂಬುದು ತಾರ್ಕಿಕರ ವಾದ. ಆ ವಯಸ್ಸಿನಲ್ಲಿ ಇದು ಅನ್ಯಾಯ ಎನಿಸಿತ್ತು. ಮೊಣಕಾಲಿನವರೆಗೆ ಹಿಮದಲ್ಲಿ ಹೂತು ನಿಂತಾಗ, ತಾರ್ಕಿಕರು ಸಂಸಾರಸ್ಥರೂ ಆಗಿದ್ದಿರಬೇಕು ಎನಿಸಿತು. (ಇದನ್ನು ಆ ಮೇಷ್ಟ್ರೇ ಹೇಳಿದರೋ, ಹಾಸ್ಟೆಲ್ಲಿನ ಗೆಳೆಯ ಹೇಳಿದ್ದೋ, ಈಗ ಅದೂ ಖಚಿತವಿಲ್ಲ.)

ಮುಕ್ಕಾಲು ಗಂಟೆಯ ಮೇಲೆ ಬಸವ ಸಿಕ್ಕಿದ. ಕಾಲು ಮಡಿಸಿ, ಬೆನ್ನು ಉಬ್ಬಿಸಿ, ಥೇಟ್ ಅದೇ. ಕಣ್ಣು ತುಂಬಿ ಬರುವಷ್ಟರಲ್ಲಿ ಇಪ್ಪತ್ತು ಹೆಜ್ಜೆ ಆಚೆ ಇನ್ನೊಬ್ಬ ಬಸವ ಕಂಡ. ಅವನಾಚೆ ಮತ್ತೊಬ್ಬ. ಎರಡಡಿ ಹಿಮ ಹೊದಿಸಿದರೆ ಯಾವ ಬಂಡೆಯಾದರೂ ಬಸವನೇ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದಿತ್ತು. ಅದರೆದುರು ನಿಂತು ವಿವರಗಳನ್ನು ನೆನಪಿಸಿಕೊಳ್ಳಲು ನೋಡಿದೆ. ನನ್ನ ನೆನಪು ಒಂದು ಮೂಕಿ ಚಿತ್ರ. ಕಿವಿಯ ಮೇಲೆ ಎರಡು ಬೆಚ್ಚಗಿನ ಪುಟ್ಟ ಕೈಗಳಿವೆ, ಕತ್ತಿನ ಹಿಂದೆ ಭಾರವಿದೆ, ಎದೆಯ ಮೇಲೆ ಒದೆಯುವ ಎರಡು ಚಪ್ಪಲಿಗಳಿವೆ. ಮಾತಿಲ್ಲ. ಮುಖವಂತೂ ಇಲ್ಲ. ಹೆಗಲ ಮೇಲೆ ಕೂತವರ ಮುಖ ಹೊತ್ತವನಿಗೆ ಎಂದೂ ಕಾಣುವುದಿಲ್ಲ ಎಂಬ ಸರಳ ಸಂಗತಿ ಹದಿಮೂರು ವರ್ಷದಲ್ಲಿ ಮೊದಲ ಸಲ ಹೊಳೆಯಿತು.

ಅರಿವಿಗೆ ಬರುವಷ್ಟರಲ್ಲಿ ನಾನು ಬಂಡೆಯ ಸುತ್ತ ನಡೆಯುತ್ತಿದ್ದೆ. ಎಲ್ಲ ಕಡೆಯಿಂದ ಪರೀಕ್ಷಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಪರೀಕ್ಷೆಗೆ ಒಂದು ಸುತ್ತು ಸಾಕು. ನಾನು ಮೂರನೆಯದರಲ್ಲಿದ್ದೆ, ಬಂಡೆಯನ್ನು ಬಲಕ್ಕಿಟ್ಟುಕೊಂಡು, ಅಡ್ಡಡ್ಡ ಪುಟ್ಟ ಹೆಜ್ಜೆ ಇಡುತ್ತಾ. ದೇವಸ್ಥಾನದೊಳಗೆ ಹೋಗದೆ ಹೊರಗೆ ಚಪ್ಪಲಿ ಕಾಯುತ್ತೇನೆ ಎನ್ನುವ ನನ್ನಂಥವನ ಕಾಲುಗಳು ನನ್ನನ್ನು ಕೇಳದೆ ಮುಗಿಸಿದ ಪ್ರದಕ್ಷಿಣೆ ಅದು. ಮುಗಿಸಿ ನಿಂತೆ. ನಿಂತ ಮೇಲೆ ಗೊತ್ತಾಯಿತು, ಯಾವ ಕಡೆಯಿಂದ ಬಂದೆ ಎಂಬುದು ನನಗೆ ತಿಳಿಯದು.

ಕೊಳ್ಳಕ್ಕೆ ಇರುವುದು ಎರಡೇ ದಿಕ್ಕು, ಅದರಲ್ಲಿ ತಪ್ಪಲು ಸಾಧ್ಯವಿಲ್ಲ ಎಂದು ನೀವು ಹೇಳಬಹುದು. ಅಲ್ಲಿ ನೆಲ ಮಟ್ಟಸವಾಗಿತ್ತು. ಹೊಳೆ ಹಿಮದಡಿ ಅಡಗಿತ್ತು, ಅದರ ಸದ್ದು ಎರಡೂ ಗೋಡೆಗೆ ಬಡಿದು ಎಲ್ಲೆಡೆಯಿಂದ ಕೇಳುತ್ತಿತ್ತು. ಬೆಳಗಿನಿಂದ ಹೋದವರ ಹೆಜ್ಜೆ, ಬಂದವರ ಹೆಜ್ಜೆ ಎರಡೂ ಕಡೆಗಿದ್ದವು. ನನ್ನವು ಬಂಡೆಯ ಸುತ್ತ ಕಣ ತುಳಿದಂತೆ ಕಲಸಿಹೋಗಿದ್ದವು. ಮೇಲಿನಿಂದ ಹಿಮ ದಟ್ಟವಾಗಿ ಉದುರತೊಡಗಿತ್ತು. ಗಂಟೆ ಎರಡೂವರೆ. ನಾಲ್ಕೂವರೆಗೆ ಇಲ್ಲಿ ಕತ್ತಲು, ಐದಕ್ಕೆ ಮಗಳು ಫೋನ್ ಎತ್ತುತ್ತಾಳೆ. ಎರಡೂ ದಿಕ್ಕುಗಳನ್ನು ತೂಗಿ, ಸಂಭವನೀಯತೆಯನ್ನು ಲೆಕ್ಕ ಹಾಕಿ, ಒಂದನ್ನು ಆರಿಸಿ ಚುರುಕಾಗಿ ನಡೆದೆ.

ಹತ್ತು ನಿಮಿಷದ ಮೇಲೆ ಹಿಂದಿನಿಂದ ಒಂದು ಕರಿ ನಾಯಿ ಓಡಿಬಂದು ನನ್ನ ಬೂಟನ್ನು ಮೂಸಿತು. ಅದರ ಹಿಂದೆಯೇ ಹಿಮದ ಅಗಲ ಪಾದರಕ್ಷೆ ಕಟ್ಟಿಕೊಂಡ ಅಮೆರಿಕನ್ ಮಹಿಳೆಯೊಬ್ಬರು ಬಂದರು. ಎಪ್ಪತ್ತು ದಾಟಿರಬೇಕು. ಪಾರ್ಕಿಂಗ್ ಇನ್ನೆಷ್ಟು ದೂರ ಎಂದು, ಸುಮ್ಮನೆ ಮಾತಿಗೆ ಕೇಳುವವನಂತೆ ಕೇಳಿದೆ. ಆಕೆ ನನ್ನನ್ನು ಒಂದು ಕ್ಷಣ ನೋಡಿ, ಕೋಲೆತ್ತಿ ತಾನು ಬಂದ ದಿಕ್ಕನ್ನು ತೋರಿಸಿದರು.

"ಅಲ್ಲಿ ಹಿಂದೆ ಒಂದು ಬಂಡೆ ಇದೆ, ನೋಡಿದಿರಾ?" ಎಂದೂ ಕೇಳಿದರು. "ಯಾವುದೋ ಪ್ರಾಣಿ ಅದರ ಸುತ್ತ ಸುತ್ತಿ ಸುತ್ತಿ ಹೋಗಿದೆ. ನನ್ನ ನಾಯಿಗೆ ತಲೆಯೇ ಕೆಟ್ಟುಹೋಯಿತು."

"ನೋಡಿದೆ," ಎಂದೆ. "ದೊಡ್ಡ ಪ್ರಾಣಿಯೇ ಇರಬೇಕು."

ನಾಯಿ ನನ್ನ ಬೂಟನ್ನು ಇನ್ನೊಮ್ಮೆ ಮೂಸಿ, ಏನನ್ನೂ ಹೇಳದೆ ಹೊರಟುಹೋಯಿತು.

ಮನೆ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಮೇಘನಾ ಸೋಫಾದಲ್ಲಿ ಫೋನ್ ಹಿಡಿದು ಕೂತಿದ್ದಳು. ಶೈಲಜಾ ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು.

"ಸಿಕ್ಕಿದ್ನಾ ನಿಮ್ಮ ಬಸವ?"

"ಸಿಕ್ಕಿದ. ಒಬ್ಬನಲ್ಲ, ನಾಲ್ಕು ಜನ."

"ಸರಿ. ನೀವು ಅಲ್ಲಿಗೆ ಹೋಗಿದ್ದು ಸುಳ್ಳು ಅಂತ ನಾನು ಯಾವತ್ತಾದ್ರೂ ಅಂದ್ನಾ?"

ಅಂದಿರಲಿಲ್ಲ. ಬಂಡೆ ಇದ್ದರೆ ನಾನು ಹೋಗಿದ್ದು ಸಿದ್ಧವಾಗುತ್ತದೆ, ಹೆಗಲ ಮೇಲೆ ಯಾರಿದ್ದರು ಎಂಬುದನ್ನು ಬಂಡೆ ಹೇಗೆ ಹೇಳೀತು? ಇಡೀ ದಿನ ಹಿಮ ತುಳಿದು, ದಾರಿ ತಪ್ಪಿ ನಾನು ಸಾಬೀತು ಮಾಡಿದ್ದು ಮನೆಯಲ್ಲಿ ಯಾರೂ ಅಲ್ಲಗಳೆಯದ ಸಂಗತಿಯನ್ನು. ಮೊದಲ ವರ್ಷದ ವಿದ್ಯಾರ್ಥಿ ಇಂಥ ಪ್ರಯೋಗ ಬರೆದುಕೊಂಡು ಬಂದಿದ್ದರೆ ನಾನೇ ಫೇಲು ಮಾಡುತ್ತಿದ್ದೆ. ಕಡೆಯ ಆಸೆಯಿಂದ ಮಗಳ ಕಡೆ ತಿರುಗಿದೆ.

"ನಿನಗೆ ಏನಾದ್ರೂ ನೆನಪಿದೆಯಾ ಪುಟ್ಟಾ?"

"ಆಫ್ ಕೋರ್ಸ್! ಐ ಹೆಲ್ಡ್ ಯುವರ್ ಇಯರ್ಸ್. ವೀ ವೆಂಟ್ ಅರೌಂಡ್ ದ ರಾಕ್. ಥ್ರೀ ಟೈಮ್ಸ್."

"ನೋಡ್ದ್ಯಾ!" ಎಂದೆ ಶೈಲಜಾಗೆ.

"ಅವಳಿಗೆ ಹೇಳಿಕೊಟ್ಟಿದ್ದು ಯಾರು? ನಮ್ಮ ಮದುವೆ ದಿನ ಕರೆಂಟ್ ಹೋಗಿದ್ದು ಕೂಡ ನೆನಪಿದೆ ಅಂತಾಳೆ, ಕೇಳಿ." ಅವಳ ಬೆರಳುಗಳು ಕಾಳಿನ ಮೇಲೆ ನಿಂತವು. "ಆಯ್ತು ರೀ, ನೀವು ಹೇಳೋದೇ ನಿಜ ಅಂತ ಇಟ್ಕೊಳ್ಳಿ. ಹಾಗಾದ್ರೆ ಅವತ್ತು ಬೆಳಗ್ಗೆಯಿಂದ ಸಂಜೆವರೆಗೂ ಇದೇ ಹಾಲ್‌ನಲ್ಲಿ ನಾನು ಎತ್ಕೊಂಡು ಓಡಾಡಿದ್ದು ಯಾರನ್ನ? ಮಲಗಿಸಿದ್ರೆ ಚೀರೋಳು. ನೋಯ್ತಿದ್ದ ಕಿವೀನ ನನ್ನ ಹೆಗಲಿಗೆ ಒತ್ಕೊಂಡ್ರೆ ಮಾತ್ರ ಸುಮ್ನಾಗೋಳು. ನಿಂತ್ಕೊಂಡೇ ಮೊಸರನ್ನ ತಿಂದೆ. ನೀವು ಬಂದ್ರಿ, ತುಂಬ ಖುಷಿಯಾಗಿದ್ರಿ. ನಾನೂ ಏನೂ ಹೇಳ್ಲಿಲ್ಲ."

ಮೇಘನಾ ಫೋನ್ ಕೆಳಗಿಟ್ಟು ಅಮ್ಮನನ್ನು ನೋಡಿದಳು. ಈ ಕತೆಯನ್ನು ಅವಳೂ ಮೊದಲ ಸಲ ಕೇಳುತ್ತಿದ್ದಳು.

ಒಂದು ಮಗು ಒಂದೇ ಶನಿವಾರ ಎರಡು ಹೆಗಲ ಮೇಲಿರಲು ಸಾಧ್ಯವಿಲ್ಲ, ಇದಕ್ಕೆ ಸಂಖ್ಯಾಶಾಸ್ತ್ರವೇನೂ ಬೇಕಿಲ್ಲ. ನಾನು ನನ್ನ ಸುಖದ ದಿನಕ್ಕೆ ಪುರಾವೆ ಹುಡುಕುತ್ತಾ ಹೊರಟಿದ್ದೆ; ಅದು ಸಿಕ್ಕಿದ್ದರೆ ಶೈಲಜಾಳ ಆ ದಿನವನ್ನೇ ಅಳಿಸಿಹಾಕುತ್ತಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. ಯಾರ ಕತೆ ನಿಜ ಎಂದು ಈಗಲೂ ನಾನು ಹೇಳಲಾರೆ. ಎರಡರಲ್ಲೂ ಕಿವಿ ಇದೆ, ಹೆಗಲಿದೆ. ಒಂದರ ತುಂಡು ಇನ್ನೊಂದಕ್ಕೆ ಯಾವಾಗ ಅಂಟಿಕೊಂಡಿತೋ ತಿಳಿಯದು. ಅವಳ ಪಕ್ಕ ಕೂತು ಒಂದು ಹಿಡಿ ಕಾಳು ತೆಗೆದುಕೊಂಡೆ.

ಈಗ ಮನೆಗೆ ಬಂದವರಿಗೆ ನಾನು ಅವಳ ಕತೆಯನ್ನೇ ಹೇಳುತ್ತೇನೆ. ನಾಲ್ಕೈದು ಸಲ ಹೇಳಿದ್ದೇನೆ, ಚೆನ್ನಾಗಿ ಬರುತ್ತಿದೆ. ತೊಂದರೆ ಏನೆಂದರೆ, ಮೊನ್ನೆ ಹೇಳುವಾಗ ಅದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಕಿಟಕಿಯ ಬಿಸಿಲು, ಅವಳ ಹಸಿರು ನೈಟಿ, ಹೆಗಲಿಗೊತ್ತಿದ ಪುಟ್ಟ ಕೆನ್ನೆ, ಟೀಪಾಯಿಯ ಮೇಲೆ ಅರ್ಧ ಉಳಿದ ಮೊಸರನ್ನ. ಇದನ್ನು ನಾನು ನೋಡಿರಲು ಸಾಧ್ಯವೇ ಇಲ್ಲ. ಯಾರನ್ನು ಹೊತ್ತಿದ್ದೆನೋ ಏನೋ, ಆ ಹೊತ್ತಿಗೆ ನಾನು ಮನೆಯಲ್ಲಂತೂ ಇರಲಿಲ್ಲ.